ಫ್ಯೂಯೆಲ್ ಪಂಪ್ ಬದಲಾಯಿಸುವ ಮುಂಚೆ: ನಿಮ್ಮ ಕಾರಿಗೆ ಯಾವುದು ಸರಿ?

ಕಾರಿಗೆ ದೊಡ್ಡ ಟರ್ಬೊ ಹಾಕಿಸಲು ಹೊರಟವರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "255 ಸಾಕಾ, 340 ಬೇಕಾ, ಇಲ್ಲ ಸೀದಾ 450 ಹಾಕಿಸಿಬಿಡಲಾ?" ಈ ಅಂಕಿಗಳು, ಟ್ಯಾಂಕ್‌ನಿಂದ ಇಂಜಿನ್‌ಗೆ ಪೆಟ್ರೋಲ್ ಕಳಿಸುವ ಫ್ಯೂಯೆಲ್ ಪಂಪ್ ಗಂಟೆಗೆ ಎಷ್ಟು ಲೀಟರ್ ತಳ್ಳುತ್ತದೆ ಎಂಬ ಲೆಕ್ಕ. ಡಬ್ಬದ ಮೇಲೆ ದೊಡ್ಡದಾಗಿ ಅಚ್ಚಾಗಿರುವುದು ಅದೊಂದೇ. ಹಾಗಾಗಿ ಎಲ್ಲರ ಕಣ್ಣೂ ಅದರ ಮೇಲೇ ಬೀಳುತ್ತದೆ. ಆದರೆ ಅದೇ ಪಂಪ್ ನಿಮ್ಮ ಕಾರಿನ ಬೂಸ್ಟ್‌ನಲ್ಲಿ (ಟರ್ಬೊ ಇಂಜಿನ್‌ಗೆ ತುಂಬುವ ಗಾಳಿಯ ಒತ್ತಡ), ನಿಮ್ಮ ಕಾರಿನ ವೈರಿಂಗ್ ಮೇಲೆ ಕೊಡುವ ಅಂಕಿ ಬೇರೆಯೇ. ಆಯ್ಕೆ ಮಾಡಬೇಕಾದದ್ದು ಆ ಎರಡನೆಯ ಅಂಕಿ ನೋಡಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಪಂಪ್ ಸೋತರೆ ಕಾರು ನಿಂತುಹೋಗುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ನಿಂತುಹೋದರೆ ಪುಣ್ಯ. ನಿಜದಲ್ಲಿ ಆಗುವುದು ಬೇರೆ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ, ಮೇಲಿನ ಆರ್‌ಪಿಎಂನಲ್ಲಿ, ಪೆಟ್ರೋಲ್ ಸ್ವಲ್ಪ ಕಮ್ಮಿ ಬೀಳುತ್ತದೆ. ಗಾಳಿ ಮಾತ್ರ ಅಷ್ಟೇ ಬರುತ್ತಿರುತ್ತದೆ. ಮಿಶ್ರಣ ಲೀನ್ ಆಗುತ್ತದೆ, ಒಳಗಿನ ಶಾಖ ಏರುತ್ತದೆ, ಮಿಶ್ರಣ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುವ ನಾಕಿಂಗ್ ಶುರುವಾಗುತ್ತದೆ. ಪಿಸ್ಟನ್ ಕರಗಲು ಕೆಲವು ಸೆಕೆಂಡ್ ಸಾಕು. ಪಂಪ್‌ನಲ್ಲಿ ಉಳಿಸಿದ ಹಣ ಇಂಜಿನ್ ಬಿಚ್ಚುವಾಗ ಹತ್ತು ಪಟ್ಟು ಹೋಗುತ್ತದೆ.

ಮೊದಲು ಲೆಕ್ಕ ಹಾಕೋಣ

ನಿಮಗೆ ಎಷ್ಟು ಬೇಕು ಎಂದು ತಿಳಿಯದೆ ಯಾವ ಪಂಪನ್ನೂ ತೂಗಿ ನೋಡಲಾಗದು. ಲೆಕ್ಕ ಸುಲಭ. ಟರ್ಬೊ ಇಲ್ಲದ ಪೆಟ್ರೋಲ್ ಇಂಜಿನ್ ಪೂರ್ತಿ ಶಕ್ತಿ ಕೊಡುವಾಗ ಒಂದು ಎಚ್‌ಪಿಗೆ ಗಂಟೆಗೆ ಸುಮಾರು 0.3 ಲೀಟರ್ ಕುಡಿಯುತ್ತದೆ. ಟರ್ಬೊ ಅಥವಾ ಸೂಪರ್‌ಚಾರ್ಜರ್ ಇದ್ದರೆ ಸುಮಾರು 0.37 ಲೀಟರ್ ಅಂತ ಹಿಡಿಯಿರಿ. ಇಲ್ಲಿ ಎಚ್‌ಪಿ ಅಂದರೆ ಇಂಜಿನ್ ಹತ್ತಿರದ್ದು. ಶಕ್ತಿ ಅಳೆಯುವ ಯಂತ್ರ ಡೈನೊ ತೋರಿಸುವ ಚಕ್ರದ ಎಚ್‌ಪಿ ಅದಕ್ಕಿಂತ ಕಮ್ಮಿ ಇರುತ್ತದೆ. ಅದನ್ನೇ ಹಿಡಿದು ಲೆಕ್ಕ ಹಾಕಿದರೆ ಪಂಪ್ ಸಣ್ಣದಾಗುತ್ತದೆ.

ಉದಾಹರಣೆಗೆ 500 ಎಚ್‌ಪಿಯ ಟರ್ಬೊ ಕಾರು. 500ನ್ನು 0.37ರಿಂದ ಗುಣಿಸಿದರೆ ಗಂಟೆಗೆ 185 ಲೀಟರ್. ಇದರ ಮೇಲೆ ಶೇ. 20 ಸೇರಿಸಿ. ಪಂಪ್ ಹಳೆಯದಾಗುತ್ತದೆ, ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಬಿಸಿಲಿನ ದಿನ ಪೆಟ್ರೋಲ್ ಕಾಯುತ್ತದೆ. ಅದಕ್ಕೆಲ್ಲ ಈ ಶೇ. 20. ಈಗ 222 ಲೀಟರ್ ಆಯಿತು. ಇ85 ಎಂಬ ಎಥನಾಲ್ ಬೆರೆತ ಇಂಧನ ಹಾಕುವವರಿಗೆ ಲೆಕ್ಕವೇ ಬೇರೆ. ಅದರಲ್ಲಿ ಎಥನಾಲ್ ಜಾಸ್ತಿ ಇರುವುದರಿಂದ ಅಷ್ಟೇ ಗಾಳಿಗೆ ಪೆಟ್ರೋಲ್‌ಗಿಂತ ಶೇ. 30ರಿಂದ 40ರಷ್ಟು ಜಾಸ್ತಿ ಸುರಿಯಬೇಕು. ಅದೇ 500 ಎಚ್‌ಪಿಗೆ ಸುಮಾರು 250 ಲೀಟರ್, ಶೇ. 20 ಸೇರಿದರೆ 300.

ಎರಡನೆಯದು ಒತ್ತಡ. ಗಾಳಿ ಬರುವ ದಾರಿಯಲ್ಲೇ ಪೆಟ್ರೋಲ್ ಸಿಂಪಡಿಸುವ ಸಾಮಾನ್ಯ ಪೋರ್ಟ್ ಇಂಜೆಕ್ಷನ್ ಕಾರಿನಲ್ಲಿ ರೈಲ್ ಒತ್ತಡ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಪೈಪಿನ ಒತ್ತಡ) 3 ಬಾರ್ ಆಸುಪಾಸು ಇರುತ್ತದೆ. ಇಂಜಿನ್‌ಗೆ ಗಾಳಿ ಹೋಗುವ ಮ್ಯಾನಿಫೋಲ್ಡ್‌ಗೆ ಜೋಡಿಸಿದ ರೆಗ್ಯುಲೇಟರ್ (ಪೆಟ್ರೋಲ್ ಒತ್ತಡ ಹಿಡಿದಿಡುವ ಕವಾಟ) ಇದ್ದರೆ ಬೂಸ್ಟ್ ಎಷ್ಟು ಏರುತ್ತದೋ ರೈಲ್ ಒತ್ತಡವೂ ಅಷ್ಟೇ ಏರುತ್ತದೆ. 1.5 ಬಾರ್ ಬೂಸ್ಟ್ ಅಂದರೆ ಪಂಪ್ 4.5 ಬಾರ್ ವಿರುದ್ಧ ತಳ್ಳಬೇಕು. ಒತ್ತಡ ಏರಿದ ಹಾಗೆ ಪಂಪ್ ತಳ್ಳುವುದು ಇಳಿಯುತ್ತದೆ. ಇಂಜಿನ್‌ಗೆ ಅತಿ ಜಾಸ್ತಿ ಬೇಕಾದ ಹೊತ್ತಿಗೇ ಪಂಪ್ ಅತಿ ಕಮ್ಮಿ ಕೊಡುತ್ತದೆ. ಆದ್ದರಿಂದ ತಯಾರಕರು ಕೊಡುವ ಫ್ಲೋ ಚಾರ್ಟ್ ನೋಡಿ. ನಿಮ್ಮ ಒತ್ತಡದ ಗೆರೆಯಲ್ಲಿ ಎಷ್ಟು ಬರುತ್ತದೆ ಎಂದು ಓದಿ. ಚಾರ್ಟ್ ಕೊಡದ ಪಂಪ್ ಎಷ್ಟೇ ಅಗ್ಗವಿದ್ದರೂ ಬೇಡ.

ಮೂರನೆಯದು ವೋಲ್ಟೇಜ್. ಇದರ ಬಗ್ಗೆ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನಾನೇ ಇದರಲ್ಲಿ ಪಾಠ ಕಲಿತವನು.

ನನ್ನ ಕಾರಿಗೆ ಹೊಸ 340 ಪಂಪ್ ಹಾಕಿಸಿದ್ದೆ. ಲೆಕ್ಕದ ಪ್ರಕಾರ ಧಾರಾಳ. ಇಂಜಿನ್ ಸಾಫ್ಟ್‌ವೇರ್ ಹೊಂದಿಸುವ ಟ್ಯೂನಿಂಗ್ ದಿನ ಲ್ಯಾಪ್‌ಟಾಪ್‌ನಲ್ಲಿ ರೈಲ್ ಒತ್ತಡದಿಂದ ಬೂಸ್ಟ್ ಕಳೆದು ಬರುವ ಗೆರೆಯನ್ನು ನೋಡುತ್ತಿದ್ದೆವು. ಅದು 3 ಬಾರ್‌ನಲ್ಲಿ ಅಲುಗಾಡದೆ ನಿಲ್ಲಬೇಕು. 5,000 ಆರ್‌ಪಿಎಂ ತನಕ ನಿಂತಿತು. ಆಮೇಲೆ ಮೆಲ್ಲಗೆ ಬಾಗತೊಡಗಿತು. 2.8, 2.6, 2.4. ಟ್ಯೂನರ್ ತಕ್ಷಣ ಕಾಲು ತೆಗೆದ. ಪಂಪ್ ನಕಲಿಯೇ ಇರಬೇಕು ಅಂತ ನನಗೆ ಅನುಮಾನ. ಅವನು ಮಾತಾಡದೆ ಹಿಂದಿನ ಸೀಟು ಎತ್ತಿ, ಟ್ಯಾಂಕ್ ಮುಚ್ಚಳದ ಮೇಲಿನ ಕನೆಕ್ಟರ್‌ಗೆ ಮೀಟರ್ ಹಿಡಿದ. ಬ್ಯಾಟರಿಯಲ್ಲಿ 13.9 ವೋಲ್ಟ್, ಪಂಪ್ ಹತ್ತಿರ 10.8. ಕನೆಕ್ಟರ್ ಬಿಚ್ಚಿದಾಗ ಒಂದು ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದು ತಿರುಗಿ ಮೆತ್ತಗಾಗಿತ್ತು, ಸುಟ್ಟ ವಾಸನೆ ಬರುತ್ತಿತ್ತು. ಕಂಪನಿಯ ಪಂಪ್‌ಗೆ ಅಂತ ಎಳೆದ ಸಣ್ಣ ವೈರ್, ಹೊಸ ಪಂಪ್ ಎಳೆಯುವ ಕರೆಂಟ್ ತಡೆಯುತ್ತಿರಲಿಲ್ಲ ಅಷ್ಟೇ. ಬ್ಯಾಟರಿಯಿಂದ ದಪ್ಪ ವೈರ್, ಮಧ್ಯೆ ಫ್ಯೂಸ್, ಒಂದು ರಿಲೇ, ಒಳ್ಳೆಯ ಅರ್ಥಿಂಗ್ ಹಾಕಿದೆವು. 13.4 ವೋಲ್ಟ್ ಬಂತು. ಅದೇ ಪಂಪ್, ಆ ಗೆರೆ ಕೊನೆಯ ತನಕ ನೇರ.

ಚಾರ್ಟ್‌ಗಳು ಸಾಮಾನ್ಯವಾಗಿ 13.5 ವೋಲ್ಟ್‌ನವು. 12ಕ್ಕೆ ಇಳಿದರೇ ಶೇ. 10ಕ್ಕೂ ಮೀರಿ ಹರಿವು ಕಮ್ಮಿಯಾಗುತ್ತದೆ. ಹಾಗಾಗಿ 255ಕ್ಕಿಂತ ದೊಡ್ಡ ಯಾವ ಪಂಪ್ ಹಾಕಿದರೂ ವೈರಿಂಗ್ ಖರ್ಚನ್ನು ಪಂಪಿನ ಬೆಲೆಯೊಳಗೇ ಸೇರಿಸಿಕೊಳ್ಳಿ.

ಇನ್ನು ಉಳಿದವು ಬೇಗ ಹೇಳಿ ಮುಗಿಸುತ್ತೇನೆ. ನಿಮ್ಮ ಕಾರಿನಲ್ಲಿ ಮಿಕ್ಕ ಪೆಟ್ರೋಲನ್ನು ಟ್ಯಾಂಕ್‌ಗೆ ವಾಪಸ್ ತರುವ ರಿಟರ್ನ್ ಪೈಪ್ ಇದೆಯಾ, ಇಲ್ಲವಾ? ಟ್ಯಾಂಕ್ ಒಂದೇ ಗುಂಡಿಯದಾ, ಇಲ್ಲ ಪ್ರೊಪೆಲ್ಲರ್ ಶಾಫ್ಟ್ ದಾಟಿ ಎರಡು ಕಡೆ ಜೋತುಬಿದ್ದಿರುವ ಜೋಡಿ ಗುಂಡಿಯದಾ? ದಿನಾ ಓಡಿಸುತ್ತೀರಾ, ಇಲ್ಲ ಟ್ರ್ಯಾಕ್‌ನಲ್ಲಿ ಉದ್ದ ತಿರುವುಗಳಲ್ಲಿ ಓಡಿಸುತ್ತೀರಾ? ಇವುಗಳ ಉತ್ತರ ಕೈಯಲ್ಲಿಟ್ಟುಕೊಂಡು ಮುಂದೆ ಓದಿ.

ಇರುವ ಪಂಪನ್ನೇ ಉಳಿಸಿಕೊಳ್ಳುವುದು

ಬರೀ ಸಾಫ್ಟ್‌ವೇರ್ ಟ್ಯೂನ್ ಮಾಡಿಸಿ, ಎಕ್ಸಾಸ್ಟ್ ಬದಲಾಯಿಸಿ ಸ್ವಲ್ಪ ಎಚ್‌ಪಿ ಏರಿಸಿಕೊಂಡವರಿಗೆ ಪಂಪ್ ಬೇಕೇ ಆಗದಿರಬಹುದು. ಕಂಪನಿಯವರು ಒಂದಿಷ್ಟು ಮಿಗಿಸಿಯೇ ಇಟ್ಟಿರುತ್ತಾರೆ. ಮೊದಲು ಲಾಗ್ (ಕಾರು ಓಡುವಾಗಿನ ಒತ್ತಡದ ದಾಖಲೆ) ತೆಗೆದು ನೋಡಿ. ಒತ್ತಡ ಬಾಗುತ್ತಿಲ್ಲವೆಂದರೆ ಕೈ ಹಾಕಬೇಡಿ.

ಸ್ವಲ್ಪವೇ ಸಾಲದೆ ಬಂದರೆ ಎರಡು ದಾರಿ. ಒಂದು, ಆಗ ಹೇಳಿದ ರಿಲೇ ವೈರಿಂಗ್. ಇನ್ನೊಂದು, ಬೂಸ್ಟ್ ಬಂದಾಗ ಪಂಪ್‌ಗೆ ಹೋಗುವ ವೋಲ್ಟೇಜ್ ಏರಿಸುವ ಸಾಧನ. ಕೆನ್ನೆ ಬೆಲ್ ಕಂಪನಿಯ ಬೂಸ್ಟ್-ಎ-ಪಂಪ್ ಇದರಲ್ಲಿ ಹೆಸರಾದದ್ದು. ಟ್ಯಾಂಕ್ ಬಿಚ್ಚಬೇಕಾಗಿಲ್ಲ, ಬೇಕಾದರೆ ತೆಗೆದು ಮೊದಲಿನಂತೆ ಮಾಡಬಹುದು. ರಿಟರ್ನ್ ಇಲ್ಲದ ಕಾರುಗಳಲ್ಲಿ ಇದು ಅನುಕೂಲ. ಆದರೆ ಲಕ್ಷ ಕಿಲೋಮೀಟರ್ ಓಡಿದ ಪಂಪ್‌ಗೆ ಜಾಸ್ತಿ ವೋಲ್ಟೇಜ್ ಕೊಟ್ಟು ದುಡಿಸುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಪಂಪ್ ಹೊಸದಿದ್ದರೆ ಮಾತ್ರ ಈ ದಾರಿ ಹಿಡಿಯಿರಿ.

ಟ್ಯಾಂಕ್ ಒಳಗೆ ಒಂದೇ ಪಂಪ್: 255 ಮತ್ತು 340

ಬಹುಪಾಲು ಓದುಗರ ಆಯ್ಕೆ ಇಲ್ಲೇ ಮುಗಿಯುತ್ತದೆ ಅಂತ ನನ್ನ ಅನಿಸಿಕೆ. ವಾಲ್‌ಬ್ರೊ 255 ಹಲವು ವರ್ಷಗಳಿಂದ ಬಳಕೆಯಲ್ಲಿರುವ ಪಂಪ್. ಡಾಯ್ಚ್‌ವರ್ಕ್ಸ್‌ನ ಡಿಡಬ್ಲ್ಯು200 ಕೂಡ ಇದೇ ಅಳತೆಯದು. ಪೆಟ್ರೋಲ್‌ನಲ್ಲಿ 400 ಎಚ್‌ಪಿ ಟರ್ಬೊ ಕಾರಿಗೆ ಶೇ. 20 ಸೇರಿಸಿ ಬೇಕಾದದ್ದು 178 ಲೀಟರ್. 4.5 ಬಾರ್‌ನಲ್ಲೂ 255 ಇದನ್ನು ಆರಾಮಾಗಿ ಕೊಡುತ್ತದೆ. ಕಂಪನಿಯ ರೆಗ್ಯುಲೇಟರ್, ಕಂಪನಿಯ ಪೈಪ್ ಹಾಗೇ ಉಳಿಯುತ್ತವೆ. ದಿನನಿತ್ಯದ ಕಾರಿಗೆ ಇದಕ್ಕಿಂತ ನೆಮ್ಮದಿ ಬೇರೆ ಇಲ್ಲ. 500 ಎಚ್‌ಪಿ ಹತ್ತಿರ ಬಂದರೆ ಮಾತ್ರ ಇದು ಅಂಚಿಗೆ ಬರುತ್ತದೆ.

ಆಗ 340. ಎಇಎಂ 340, ಡಿಡಬ್ಲ್ಯು300 ಈ ಗುಂಪಿನವು. ಹೊರಗಿನ ಅಳತೆ 255ಕ್ಕೆ ಹತ್ತಿರ ಇರುವುದರಿಂದ ಎಷ್ಟೋ ಕಾರುಗಳಲ್ಲಿ ಅದೇ ಜಾಗಕ್ಕೆ ಕೂರುತ್ತವೆ. 500 ಎಚ್‌ಪಿ ಪೆಟ್ರೋಲ್‌ಗೆ ಇದು ನನ್ನ ಮೊದಲ ಆಯ್ಕೆ. 255ಕ್ಕೂ ಇದಕ್ಕೂ ಬೆಲೆಯ ಅಂತರ ದೊಡ್ಡದಲ್ಲ. ಮುಂದೆ ಇನ್ನೂ ಸ್ವಲ್ಪ ಏರಿಸುವ ಆಸೆ ಇದ್ದರೆ ಈಗಲೇ 340 ಹಾಕಿಸಿ, ಯಾಕೆಂದರೆ ಟ್ಯಾಂಕ್ ಎರಡು ಸಲ ಬಿಚ್ಚುವ ಕೂಲಿಯೇ ಆ ಅಂತರವನ್ನು ನುಂಗಿಹಾಕುತ್ತದೆ. ಇ85ನಲ್ಲಿ 500 ಎಚ್‌ಪಿಗೆ ಇದು ಬಿಗಿ. ಪಂಪ್ ಹೊಸದಿರುವಾಗ ನಡೆಯುತ್ತದೆ, ಆದರೆ ಮಿಗತೆ ಇರುವುದಿಲ್ಲ. ಅಂಥವರು ಒಂದು ಮೆಟ್ಟಿಲು ಮೇಲೆ ಹೋಗಬೇಕು.

ದೊಡ್ಡ ಪಂಪ್: 450 ಮತ್ತು 525

"ದೊಡ್ಡದನ್ನೇ ಹಾಕಿದರೆ ಚಿಂತೆಯೇ ಇಲ್ಲ ಅಲ್ವಾ?" ಈ ಮಾತು ದಿನಾ ಕೇಳುತ್ತೇನೆ. ಚಿಂತೆ ಇದೆ. ಪಂಪ್ ಯಾವಾಗಲೂ ಪೂರ್ತಿ ತಳ್ಳುತ್ತಿರುತ್ತದೆ. ಐಡ್ಲಿಂಗ್‌ನಲ್ಲಿ ಇಂಜಿನ್ ಕುಡಿಯುವುದು ಗಂಟೆಗೆ ಒಂದೆರಡು ಲೀಟರ್. ಮಿಕ್ಕ ನಾನೂರು ಲೀಟರ್ ರೆಗ್ಯುಲೇಟರ್ ದಾಟಿ, ರಿಟರ್ನ್ ಪೈಪ್ ಹಿಡಿದು ಟ್ಯಾಂಕ್‌ಗೆ ವಾಪಸ್ ಬರಬೇಕು. ಕಂಪನಿಯ ರೆಗ್ಯುಲೇಟರ್ ತೂತು, ರಿಟರ್ನ್ ಪೈಪ್ ಅಷ್ಟು ದೊಡ್ಡದಿರುವುದಿಲ್ಲ. ನೀರು ಜಾಸ್ತಿ ಬಂದಾಗ ಸಣ್ಣ ಮೋರಿ ಉಕ್ಕುವ ಹಾಗೆ ಇಲ್ಲಿ ಒತ್ತಡ ಉಕ್ಕುತ್ತದೆ. 3 ಬಾರ್ ಇರಬೇಕಾದಲ್ಲಿ 4 ಬಾರ್ ಕಾಣುತ್ತದೆ. ಐಡ್ಲಿಂಗ್ ಹೊಗೆ, ಪೆಟ್ರೋಲ್ ವಾಸನೆ, ಟ್ಯೂನಿಂಗ್‌ಗೆ ಸಿಗದ ಕಾರು. ಸುತ್ತಿ ಸುತ್ತಿ ಬರುವ ಪೆಟ್ರೋಲ್ ಬಿಸಿಯಾಗುತ್ತದೆ. ಬಿಸಿ ಪೆಟ್ರೋಲ್‌ನಲ್ಲಿ ಗುಳ್ಳೆ ಏಳುತ್ತದೆ, ಟ್ಯಾಂಕ್ ಕಾಲು ಭಾಗಕ್ಕೆ ಇಳಿದಾಗ ಪಂಪ್ ಸದ್ದು ಬದಲಾಗುತ್ತದೆ. 350 ಎಚ್‌ಪಿ ಕಾರಿಗೆ 450 ಹಾಕುವುದು ಮೂಗಿಗಿಂತ ಮೂಗುತಿ ಭಾರ ಅನ್ನುವ ಗಾದೆಗೆ ಒಳ್ಳೆಯ ಉದಾಹರಣೆ.

ಇದೆಲ್ಲ ಹೇಳಿದ ಮೇಲೂ, ಬೇಕಾದವರಿಗೆ ಇವು ಬಹಳ ಒಳ್ಳೆಯ ಪಂಪ್‌ಗಳು. 500 ಎಚ್‌ಪಿ ಇ85, 700 ಎಚ್‌ಪಿ ಪೆಟ್ರೋಲ್, ಎರಡಕ್ಕೂ ಮಿಗತೆ ಸೇರಿ 300 ಲೀಟರ್ ಆಸುಪಾಸು ಬೇಕು. ವಾಲ್‌ಬ್ರೊ 450 ಅಥವಾ ಡಿಡಬ್ಲ್ಯು400 ಇದಕ್ಕೆ ಸರಿಯಾದ ಅಳತೆ. ಅದರ ಜತೆ ಹೊರಗಿನ ದೊಡ್ಡ ರೆಗ್ಯುಲೇಟರ್, ಅಗಲದ ರಿಟರ್ನ್ ಪೈಪ್, ಹೊಸ ವೈರಿಂಗ್ ಮೂರೂ ಬೇಕು. ಬರೀ ಪಂಪಿನ ಬೆಲೆ ನೋಡಿ ಹೊರಟರೆ ಬಜೆಟ್ ಅರ್ಧ ದಾರಿಯಲ್ಲಿ ಮುಗಿಯುತ್ತದೆ. ಇಷ್ಟು ದೊಡ್ಡ ಪಂಪ್ 15 ಆಂಪಿಯರ್ ಆಸುಪಾಸು ಎಳೆಯುತ್ತದೆ, ಒತ್ತಡ ಏರಿದರೆ ಇನ್ನೂ ಜಾಸ್ತಿ. ಹಳೆಯ ವೈರಿಂಗ್‌ನಲ್ಲಿ ಸುಮ್ನೆ ಫ್ಯೂಸ್ ದೊಡ್ಡದು ಮಾಡಿದರೆ ಟ್ಯಾಂಕ್ ಪಕ್ಕದಲ್ಲೇ ವೈರ್ ಸುಡುತ್ತದೆ. ಖಂಡಿತ ಮಾಡಬೇಡಿ.

ಎರಡು ಪಂಪ್

700 ಎಚ್‌ಪಿ ಇ85ಗೆ ಮಿಗತೆ ಸೇರಿ 420 ಲೀಟರ್, 1,000 ಎಚ್‌ಪಿಗೆ 600 ಲೀಟರ್. ಇಲ್ಲಿಂದ ಮೇಲಕ್ಕೆ ಒಂದೇ ಪಂಪ್ ಮೇಲೆ ಭಾರ ಹಾಕುವುದಕ್ಕಿಂತ ಎರಡಕ್ಕೆ ಹಂಚುವುದು ಮೇಲು. ನಿಸ್ಸಾನ್ ಜಿಟಿ-ಆರ್ ಆರ್35ರಲ್ಲಿ ಕಾರ್ಖಾನೆಯಿಂದಲೇ ಎರಡು ಪಂಪ್ ಇವೆ. ಎರಡು ಪಂಪಿನ ದೊಡ್ಡ ಲಾಭ ಅಂದರೆ ಎರಡನೆಯದನ್ನು ಬೂಸ್ಟ್ ಬಂದಾಗ ಮಾತ್ರ ಓಡಿಸಬಹುದು. ಪೇಟೆಯಲ್ಲಿ ಓಡಿಸುವಾಗ ಒಂದೇ ಓಡುತ್ತದೆ. ಸದ್ದು ಕಮ್ಮಿ, ಶಾಖ ಕಮ್ಮಿ, ರೆಗ್ಯುಲೇಟರ್‌ಗೂ ಸುಲಭ.

ಇದರಲ್ಲಿ ಒಂದು ಅಪಾಯ ಅಡಗಿದೆ. ಎರಡನೆಯ ಪಂಪ್ ಕೆಟ್ಟಿದ್ದು ನಿಮಗೆ ದಿನನಿತ್ಯದ ಓಟದಲ್ಲಿ ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ಪೂರ್ತಿ ಬೂಸ್ಟ್‌ನಲ್ಲಿ, ಅಷ್ಟು ಹೊತ್ತಿಗೆ ತಡವಾಗಿರುತ್ತದೆ. ಹಾಗಾಗಿ ಎರಡು ಪಂಪ್ ಹಾಕುವವರು ರೈಲ್ ಒತ್ತಡದ ಸೆನ್ಸರ್ ಹಾಕಿ, ಒತ್ತಡ ಬಿದ್ದ ತಕ್ಷಣ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಬೂಸ್ಟ್ ಕಡಿಯುವ ಹಾಗೆ ಟ್ಯೂನ್ ಮಾಡಿಸಲೇಬೇಕು. ಸೆನ್ಸರ್‌ಗೆ ಹಣ ಇಲ್ಲವೆಂದರೆ ಎರಡು ಪಂಪ್‌ಗೂ ಹಣ ಇಲ್ಲ ಅಂತಲೇ ಲೆಕ್ಕ.

ಟ್ರ್ಯಾಕ್‌ಗೆ ಹೋಗುವವರಿಗೆ: ಸರ್ಜ್ ಟ್ಯಾಂಕ್

ಇಲ್ಲಿ ಸಮಸ್ಯೆ ಪಂಪಿನ ಅಳತೆಯದ್ದೇ ಅಲ್ಲ. ಉದ್ದ ತಿರುವಿನಲ್ಲಿ ಪೆಟ್ರೋಲ್ ಟ್ಯಾಂಕಿನ ಒಂದು ಮೂಲೆಗೆ ಓಡುತ್ತದೆ, ಪಂಪಿನ ಬಾಯಿ ಗಾಳಿ ಕುಡಿಯುತ್ತದೆ. 525 ಪಂಪ್ ಹಾಕಿದರೂ ಗಾಳಿ ಗಾಳಿಯೇ. ಸರ್ಜ್ ಟ್ಯಾಂಕ್ ಅಂದರೆ ಒಂದರಿಂದ ಮೂರು ಲೀಟರ್ ಹಿಡಿಯುವ ಸಣ್ಣ ಡಬ್ಬಿ. ಮುಖ್ಯ ಟ್ಯಾಂಕ್‌ನ ಪಂಪ್ ಅದನ್ನು ಸದಾ ತುಂಬಿಸುತ್ತಿರುತ್ತದೆ, ಇನ್ನೊಂದು ಪಂಪ್ ಅದರಿಂದ ಇಂಜಿನ್‌ಗೆ ಕಳಿಸುತ್ತದೆ. ಈ ಎರಡನೆಯ ಪಂಪ್ ಡಬ್ಬಿಯ ಒಳಗೂ ಇರಬಹುದು, ಬಾಷ್ 044 ತರಹ ಹೊರಗೂ ಇರಬಹುದು. ಹೊರಗಿನ ಪಂಪ್ ತಳ್ಳುವುದರಲ್ಲಿ ಗಟ್ಟಿ, ಎಳೆದುಕೊಳ್ಳುವುದರಲ್ಲಿ ಮೆತ್ತಗೆ. ಹಾಗಾಗಿ ಅದನ್ನು ಪೆಟ್ರೋಲ್ ಮಟ್ಟಕ್ಕಿಂತ ಕೆಳಗೇ ಕೂರಿಸಬೇಕು. ಸದ್ದೂ ಜಾಸ್ತಿ ಮಾಡುತ್ತದೆ.

ಟ್ರ್ಯಾಕ್ ಕಾರಿಗೆ ಸರ್ಜ್ ಟ್ಯಾಂಕ್‌ಗೆ ಸಮ ಬೇರೆ ಇಲ್ಲ ಅಂತ ನಾನು ನಂಬುತ್ತೇನೆ. ಆದರೆ ದಿನಾ ಕುಟುಂಬ ಕೂರಿಸಿಕೊಂಡು ಓಡಾಡುವ ಕಾರಿನ ಡಿಕ್ಕಿಯಲ್ಲಿ ಪೆಟ್ರೋಲ್ ಡಬ್ಬಿ, ಅಷ್ಟೊಂದು ಜೋಡಣೆಗಳು, ಅದು ಬೇಡ. ವರ್ಷಕ್ಕೆ ಒಂದೆರಡು ಸಲ ಟ್ರ್ಯಾಕ್‌ಗೆ ಹೋಗುವವರು ಟ್ಯಾಂಕ್ ಅರ್ಧಕ್ಕಿಂತ ಕೆಳಗಿಳಿಯದ ಹಾಗೆ ನೋಡಿಕೊಂಡರೆ ಬಹುಪಾಲು ಕಾರುಗಳಲ್ಲಿ ಸಾಕಾಗುತ್ತದೆ.

ಬ್ರಷ್‌ಲೆಸ್ ಪಂಪ್ ಬಗ್ಗೆ ಎರಡು ಮಾತು. ಒಳಗೆ ಸವೆಯುವ ಬ್ರಷ್ ಇಲ್ಲ, ಬೇಕಾದಷ್ಟೇ ವೇಗದಲ್ಲಿ ತಿರುಗಿಸಬಹುದು, ಪೆಟ್ರೋಲ್ ಬಿಸಿಯಾಗುವುದು ಕಮ್ಮಿ. ದೊಡ್ಡ ಪಂಪ್‌ನ ಅರ್ಧ ತೊಂದರೆ ಇದರಲ್ಲಿ ಇಲ್ಲ. ಆದರೆ ಪ್ರತ್ಯೇಕ ಕಂಟ್ರೋಲರ್ ಬೇಕು, ಬೆಲೆ ಜಾಸ್ತಿ. ಹಣಕ್ಕೆ ತೊಂದರೆ ಇಲ್ಲದೆ, ಒಂದೇ ಕಾರಿನಲ್ಲಿ ದಿನನಿತ್ಯವೂ ದೊಡ್ಡ ಶಕ್ತಿಯೂ ಬೇಕೆನ್ನುವವರಿಗೆ ಇದು.

ನಿಮ್ಮದು ಡೈರೆಕ್ಟ್ ಇಂಜೆಕ್ಷನ್ ಕಾರಾ?

ಅಂದರೆ ಪೆಟ್ರೋಲನ್ನು ನೇರ ಸಿಲಿಂಡರ್ ಒಳಗೇ ಸಿಂಪಡಿಸುವುದಾ? ಹಾಗಿದ್ದರೆ ಸ್ವಲ್ಪ ನಿಲ್ಲಿ. ಈಗಿನ ಟರ್ಬೊ ಕಾರುಗಳಲ್ಲಿ ಬಹಳಷ್ಟು ಇವೇ. ಇವುಗಳಲ್ಲಿ ಟ್ಯಾಂಕ್ ಪಂಪ್ ಬರೀ ಮೊದಲ ಹಂತ. ಇಂಜಿನ್ ಮೇಲೆ ಕ್ಯಾಮ್‌ಶಾಫ್ಟ್ ತಿರುಗಿಸುವ ಇನ್ನೊಂದು ಪಂಪ್ ಇದ್ದು, ಅದು ಒತ್ತಡವನ್ನು 200 ಬಾರ್‌ಗೆ, ಹೊಸ ಕಾರುಗಳಲ್ಲಿ 350 ಬಾರ್‌ಗೆ ಏರಿಸುತ್ತದೆ. ಸೋಲುತ್ತಿರುವುದು ಯಾವುದು ಅಂತ ಲಾಗ್ ನೋಡಿಯೇ ಹೇಳಬೇಕು. ಮೊದಲ ಹಂತದ ಒತ್ತಡ ಗಟ್ಟಿಯಾಗಿದ್ದು ಮೇಲಿನದು ಬೀಳುತ್ತಿದ್ದರೆ ಟ್ಯಾಂಕ್‌ಗೆ ಎಷ್ಟು ದೊಡ್ಡ ಪಂಪ್ ಹಾಕಿದರೂ ಉಪಯೋಗವಿಲ್ಲ. ಆಗ ದಪ್ಪ ಪಿಸ್ಟನ್‌ನ ಹೈ ಪ್ರೆಶರ್ ಪಂಪ್ ಹಾಕಿಸಬೇಕು, ಅದೂ ಸಾಲದಿದ್ದರೆ ಪೋರ್ಟ್ ಇಂಜೆಕ್ಟರ್‌ಗಳನ್ನು ಜತೆಗೆ ಸೇರಿಸಬೇಕು. ಟೊಯೋಟಾದ ಡಿ-4ಎಸ್ ವ್ಯವಸ್ಥೆಯಲ್ಲಿ ಎರಡೂ ಬಗೆಯ ಇಂಜೆಕ್ಟರ್ ಕಾರ್ಖಾನೆಯಿಂದಲೇ ಬರುತ್ತವೆ. ಎರಡೂ ಒತ್ತಡ ಒಟ್ಟಿಗೆ ಬೀಳುತ್ತಿದ್ದರೆ ಮಾತ್ರ ಟ್ಯಾಂಕ್ ಪಂಪಿನಿಂದ ಶುರು ಮಾಡಿ.

ಪಂಪ್ ನಿಯಂತ್ರಿಸುವ ಬೇರೆ ಕಂಟ್ರೋಲರ್ ಇದೆಯಾ ಅಂತಲೂ ನೋಡಿ. ಎ80 ಸುಪ್ರಾ ಟರ್ಬೊದಲ್ಲೇ ಪಂಪ್‌ಗೆ ಅಂತ ಪ್ರತ್ಯೇಕ ಇಸಿಯು ಇತ್ತು. ಇಂಥ ಕಂಟ್ರೋಲರ್ ಕಂಪನಿ ಪಂಪಿನ ಕರೆಂಟ್‌ಗೆ ಅಂತ ಮಾಡಿದ್ದು. ದೊಡ್ಡ ಪಂಪ್ ಹಾಕಿದರೆ ಬಿಸಿಯಾಗಿ ಕೈಕೊಡಬಹುದು.

ಕೊಳ್ಳುವಾಗ, ಕೂರಿಸುವಾಗ

ವಾಲ್‌ಬ್ರೊ ಹೆಸರಿನ ನಕಲಿ ಪಂಪ್‌ಗಳು ಮಾರುಕಟ್ಟೆಯಲ್ಲಿ ಇವೆ. ಬೆಲೆ ಎಲ್ಲರಿಗಿಂತ ತೀರಾ ಕಮ್ಮಿ ಕಂಡರೆ ಹಿಂದೆ ಸರಿಯಿರಿ, ಅಧಿಕೃತ ಮಾರಾಟಗಾರರಿಂದಲೇ ಕೊಳ್ಳಿ. ಇ85 ಹಾಕುವವರು ಪಂಪ್ ಎಥನಾಲ್ ತಡೆಯುತ್ತದೆ ಅಂತ ತಯಾರಕರೇ ಬರೆದಿದ್ದಾರಾ ಅಂತ ಓದಿ.

ಟ್ಯಾಂಕ್ ಒಳಗಿನ ಸಣ್ಣ ಹೋಸ್ ಬಗ್ಗೆ ಯಾರೂ ಕೇಳುವುದಿಲ್ಲ. ಗೆಳೆಯನೊಬ್ಬನ ಕಾರಿನಲ್ಲಿ ಪಂಪ್ ಹಾಕಿ ಕೆಲವು ತಿಂಗಳಿಗೆ ಒತ್ತಡ ಬೀಳತೊಡಗಿತು. ಮುಚ್ಚಳ ಎತ್ತಿ ನೋಡಿದರೆ ಪಂಪ್ ಚೆನ್ನಾಗಿಯೇ ಇದೆ. ಹೋಸ್ ಮಾತ್ರ ಉಬ್ಬಿ, ಒದ್ದೆ ಬಟ್ಟೆಯ ಹಾಗೆ ಬಾಗುತ್ತಿತ್ತು. ಕ್ಲ್ಯಾಂಪ್ ಪಕ್ಕ ಉಗುರಿನಷ್ಟು ಸೀಳು. ಇಂಜಿನ್ ಬೇಯಲ್ಲಿ ಬಳಸುವ ಸಾಮಾನ್ಯ ಹೋಸ್ ಒಳಗಿನ ಪೆಟ್ರೋಲ್ ತಡೆಯುತ್ತದೆ, ಹೊರಗಿನಿಂದಲೂ ಪೆಟ್ರೋಲ್‌ನಲ್ಲಿ ಮುಳುಗಿದರೆ ತಡೆಯುವುದಿಲ್ಲ. ಟ್ಯಾಂಕ್ ಒಳಗೆ ಬೇಕಾದದ್ದು ಎಸ್‌ಎಇ ಜೆ30 ಆರ್10 ಅಂತ ಅಚ್ಚಾಗಿರುವ ಹೋಸ್. ಒಂದು ಗೇಣು ತುಂಡು ಸಾಕು.

ಜೋಡಿ ಗುಂಡಿಯ ಟ್ಯಾಂಕ್ ಇರುವವರು ಜೆಟ್ ಪಂಪ್ ಪೈಪ್ ಎಲ್ಲಿ ಹೋಗುತ್ತದೆ ಎಂದು ಬಿಚ್ಚುವ ಮುಂಚೆಯೇ ಫೋಟೊ ತೆಗೆದಿಟ್ಟುಕೊಳ್ಳಿ. ವಾಪಸ್ ಬರುವ ಪೆಟ್ರೋಲ್ ರಭಸದಲ್ಲೇ ಅದು ಆಚೆ ಗುಂಡಿಯಿಂದ ಈಚೆಗೆ ಎಳೆಯುವುದು. ಅದು ತಪ್ಪಿದರೆ ಮೀಟರ್ ಅರ್ಧ ತೋರಿಸುವಾಗಲೇ ಕಾರು ನಿಲ್ಲುತ್ತದೆ.

ಬ್ಯಾಟರಿಯ ನೆಗೆಟಿವ್ ತೆಗೆದು, ಲೈನ್ ಒತ್ತಡ ಇಳಿಸಿ, ಗಾಳಿಯಾಡುವ ಜಾಗದಲ್ಲಿ, ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವ ಹಾಗೆ ಇಟ್ಟುಕೊಂಡು ಕೆಲಸ ಶುರು ಮಾಡಿ. ಪೆಟ್ರೋಲ್ ಆವಿ ಕಣ್ಣಿಗೆ ಕಾಣುವುದಿಲ್ಲ, ನೆಲದ ಮೇಲೆ ಹರಿದು ದೂರದ ಕಿಡಿಯನ್ನೂ ಹುಡುಕಿಕೊಂಡು ಹೋಗುತ್ತದೆ. ಮೊದಲ ಸಲ ಮಾಡುವವರು ಅನುಭವಸ್ಥರನ್ನು ಪಕ್ಕದಲ್ಲಿಟ್ಟುಕೊಳ್ಳಿ.

ಪಂಪ್ ಕೂತ ಮೇಲೆ ಹಳೆಯ ಟ್ಯೂನ್‌ನಲ್ಲೇ ಬೂಸ್ಟ್ ಹೊಡೆಯಬೇಡಿ. ಮೊದಲು ಐಡ್ಲಿಂಗ್‌ನಲ್ಲಿ, ರೆಗ್ಯುಲೇಟರ್‌ನ ವ್ಯಾಕ್ಯೂಮ್ ಪೈಪ್ ತೆಗೆದು, ಒತ್ತಡ ಮೊದಲಿನಷ್ಟೇ ಇದೆಯಾ ನೋಡಿ. ಏರಿದ್ದರೆ ರೆಗ್ಯುಲೇಟರ್ ಸಾಲುತ್ತಿಲ್ಲ. ಆಮೇಲೆ ಪಂಪ್ ಕನೆಕ್ಟರ್‌ನಲ್ಲಿ, ಪಂಪ್ ಓಡುತ್ತಿರುವಾಗಲೇ, ವೋಲ್ಟೇಜ್ ಅಳೆಯಿರಿ. 13ಕ್ಕಿಂತ ಕಮ್ಮಿ ಇದ್ದರೆ ಅಲ್ಲೇ ನಿಲ್ಲಿಸಿ, ವೈರಿಂಗ್ ಸರಿಮಾಡಿ. ಎರಡೂ ಸರಿ ಇದ್ದರೆ ಕಮ್ಮಿ ಬೂಸ್ಟ್‌ನಲ್ಲಿ ಒಂದು ಲಾಗ್ ತೆಗೆದು, ಆ ಗೆರೆ ನೇರ ನಿಂತಿದೆ ಅಂತ ಕಣ್ಣಾರೆ ನೋಡಿದ ಮೇಲೆ ಮುಂದಿನ ಬೂಸ್ಟ್‌ಗೆ ಹೋಗಿ.